ಲ್ಯಾಪ್‌ಟಾಪ್ ‘ಫಾರ್ಮ್ಯಾಟ್ ಹೊಡೆಯುವ’ ಮುಂಚೆ: ಫ್ಯಾಕ್ಟರಿ ರೀಸೆಟ್ ಅಂದರೆ ಒಳಗೆ ಏನಾಗುತ್ತದೆ?

ನಮ್ಮ ಬೀದಿಯ ಕೊನೆ ಮನೆಯ ಮೇಷ್ಟ್ರು ಒಂದು ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬಂದರು. 2019ರಲ್ಲಿ ತಗೊಂಡದ್ದು. ಈಗ ಮಗ ಹೊಸದು ಕೊಡಿಸಿದ್ದಾನೆ.

‘ಇದನ್ನ ಒಂದ್ಸಲ ಫಾರ್ಮ್ಯಾಟ್ ಹೊಡ್ಕೊಡಪ್ಪಾ. ಮೊಮ್ಮಗಳು ಪಿಯುಸಿಗೆ ಸೇರಿದಾಳೆ, ಅವಳಿಗೆ ಕೊಡೋಣ ಅಂತ.’

‘ಒಳಗಿರೋದೆಲ್ಲ ಎತ್ತಿಟ್ಕೊಂಡಿದೀರಾ ಮೇಷ್ಟ್ರೇ?’

‘ಬೇಕಾದ್ದೆಲ್ಲ ಡಿ ಡ್ರೈವ್‌ನಲ್ಲಿದೆ. ಅದಕ್ಕೇನೂ ಆಗಲ್ವಲ್ಲ?’

ಈ ಪ್ರಶ್ನೆಗೆ ‘ಆಗಲ್ಲ’ ಅಂತಲೂ ಹೇಳಬಹುದು, ‘ಎಲ್ಲ ಹೋಗುತ್ತೆ’ ಅಂತಲೂ ಹೇಳಬಹುದು. ಎರಡೂ ನಿಜ. ಮಧ್ಯದಲ್ಲಿ ಬರುವ ಒಂದೆರಡು ಪ್ರಶ್ನೆಗಳಿಗೆ ನೀವು ಏನು ಉತ್ತರ ಕೊಡುತ್ತೀರಿ ಅನ್ನೋದರ ಮೇಲೆ ಅದು ನಿಂತಿದೆ.

ಇಂಥ ಚೀಲಗಳು ಈಗ ಜಾಸ್ತಿ ಓಡಾಡುತ್ತಿರೋದಕ್ಕೆ ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ ಸೆಕ್ಯುರಿಟಿ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದಾದರೂ ಇರಬೇಕು. ಹಾಗಾಗಿ ಹಳೆಯ ಲ್ಯಾಪ್‌ಟಾಪ್‌ಗಳು ಮಕ್ಕಳಿಗೆ, ನೆಂಟರಿಗೆ, ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋಗುತ್ತಿವೆ. ಹೋಗುವ ಮುಂಚೆ ಎಲ್ಲರೂ ಕೇಳೋದು ಒಂದೇ: ಫಾರ್ಮ್ಯಾಟ್ ಹೊಡೀರಿ.

ರೀಸ್ಟಾರ್ಟ್, ಫಾರ್ಮ್ಯಾಟ್, ರೀಸೆಟ್

ಮೂರನ್ನೂ ಒಂದೇ ಅಂದುಕೊಂಡವರು ಬಹಳ ಜನ. ರೀಸ್ಟಾರ್ಟ್ ಅಂದರೆ ಆಫ್ ಮಾಡಿ ಆನ್ ಮಾಡೋದು, ಅಷ್ಟೇ. ಅದರಿಂದ ಯಾವ ಫೈಲೂ ಅಳಿಸಿ ಹೋಗಲ್ಲ.

ಫಾರ್ಮ್ಯಾಟ್ ಅನ್ನೋದು ಡಿಸ್ಕ್‌ಗೆ ಸಂಬಂಧಿಸಿದ ಮಾತು. ಡಿಸ್ಕಿನ ಒಂದು ಭಾಗವನ್ನು ಖಾಲಿ ಅಂತ ಗುರುತು ಹಾಕಿ, ಹೊಸದಾಗಿ ಬರೆಯಲು ಸಿದ್ಧ ಮಾಡೋದು. ಫಾರ್ಮ್ಯಾಟ್ ಆದ ಡಿಸ್ಕ್‌ನಲ್ಲಿ ವಿಂಡೋಸ್ ಇರಲ್ಲ. ಅಂಗಡಿಯವರು ಫಾರ್ಮ್ಯಾಟ್ ಮಾಡಿ, ಆಮೇಲೆ ಪೆನ್‌ಡ್ರೈವ್‌ನಿಂದ ‘ಓಎಸ್ ಹಾಕಿ’ (ಅಂದರೆ ವಿಂಡೋಸನ್ನು ಹೊಸದಾಗಿ ಹಾಕಿ) ಕೊಡುತ್ತಾರೆ. ಎರಡು ಕೆಲಸಕ್ಕೂ ಸೇರಿಸಿ ನಾವು ಫಾರ್ಮ್ಯಾಟ್ ಅಂತ ಕರೆಯುತ್ತೇವೆ.

ಫ್ಯಾಕ್ಟರಿ ರೀಸೆಟ್ ಅಂದರೆ ಲ್ಯಾಪ್‌ಟಾಪ್ ತನ್ನ ವಿಂಡೋಸನ್ನು ತಾನೇ ಹೊಸದಾಗಿ ಕಟ್ಟಿಕೊಳ್ಳೋದು. ಪೆನ್‌ಡ್ರೈವ್ ಬೇಡ, ಅಂಗಡಿ ಬೇಡ. ಈ ಸೌಲಭ್ಯ ವಿಂಡೋಸ್ ಒಳಗೇ ಬಂದದ್ದು 2012ರ ವಿಂಡೋಸ್ 8ರಿಂದ. ಅದಕ್ಕೂ ಮುಂಚೆ ಲ್ಯಾಪ್‌ಟಾಪ್ ಕಂಪನಿ ಕೊಟ್ಟ ಸಿಡಿಯನ್ನೋ, ಡಿಸ್ಕಿನ ಮೂಲೆಯಲ್ಲಿ ಬಚ್ಚಿಟ್ಟ ರಿಕವರಿ ಭಾಗವನ್ನೋ ಹುಡುಕಬೇಕಿತ್ತು.

‘ಫ್ಯಾಕ್ಟರಿ’ ಅನ್ನೋ ಹೆಸರನ್ನು ಮಾತ್ರ ಪೂರ್ತಿ ನಂಬಬೇಡಿ. ಮೇಷ್ಟ್ರ ಲ್ಯಾಪ್‌ಟಾಪ್ ಅಂಗಡಿಯಿಂದ ಬಂದಾಗ ಅದರಲ್ಲಿ ವಿಂಡೋಸ್ 10 ಇತ್ತು. ಆಮೇಲೆ 11ಕ್ಕೆ ಅಪ್‌ಗ್ರೇಡ್ ಆಯಿತು. ಈಗ ರೀಸೆಟ್ ಮಾಡಿದರೆ ಬರೋದು 11, ಹಳೆಯ 10 ಅಲ್ಲ. ರೀಸೆಟ್ ನಿಮ್ಮ ಸಾಮಾನನ್ನು ಹೊರಗೆ ಹಾಕಿ ಮನೆಗೆ ಸುಣ್ಣ ಬಳಿಯುತ್ತದೆ. ಆಮೇಲೆ ಕಟ್ಟಿದ ಮಹಡಿಯನ್ನು ಕೆಡವಲ್ಲ.

ಹೊಸ ವಿಂಡೋಸ್ ಬರೋದು ಎಲ್ಲಿಂದ?

ಇದು ಎಲ್ಲರನ್ನೂ ಕಾಡುವ ಪ್ರಶ್ನೆ. ಎಲ್ಲ ಅಳಿಸಿದ ಮೇಲೆ ಹೊಸ ವಿಂಡೋಸ್ ಎಲ್ಲಿಂದ ಬರಬೇಕು?

ಮೊಸರು ಖಾಲಿಯಾಗುವ ಮುಂಚೆ ನಾಳೆಗೆ ಅಂತ ಒಂದು ಚಮಚ ಎತ್ತಿಡುತ್ತೇವೆ. ಆ ಹೆಪ್ಪು ಹಾಲಿಗೆ ಬಿದ್ದರೆ ಬೆಳಿಗ್ಗೆ ಹೊಸ ಮೊಸರು. ವಿಂಡೋಸ್ ಮಾಡೋದೂ ಇದನ್ನೇ. ಈಗಿರುವ ವಿಂಡೋಸ್‌ನ ಮೂಲ ಫೈಲ್‌ಗಳನ್ನೇ ಒಟ್ಟುಮಾಡಿ, ಅದರಿಂದ ಹೊಸದೊಂದು ವಿಂಡೋಸ್ ಕಟ್ಟಿ, ಹಳೆಯದನ್ನು ಆಚೆ ಹಾಕುತ್ತದೆ. ಮೆನುವಿನಲ್ಲಿ ಇದರ ಹೆಸರು ‘ಲೋಕಲ್ ರೀಇನ್‌ಸ್ಟಾಲ್’. ಇದಕ್ಕೆ ಇಂಟರ್ನೆಟ್ ಬೇಡ.

ಆದರೆ ಹೆಪ್ಪೇ ಕೆಟ್ಟಿದ್ದರೆ? ಮೊಸರೂ ಹುಳಿಯೇ. ವೈರಸ್ ಹೊಕ್ಕೋ, ಡಿಸ್ಕ್ ಹಾಳಾಗಿಯೋ ಮೂಲ ಫೈಲ್‌ಗಳೇ ಕೆಟ್ಟಿದ್ದರೆ ಲೋಕಲ್ ರೀಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲಬಹುದು. ಆಗ ಪಕ್ಕದ ಮನೆಯಿಂದ ಹೆಪ್ಪು ತರಬೇಕು. ಅದೇ ‘ಕ್ಲೌಡ್ ಡೌನ್‌ಲೋಡ್’: ಮೈಕ್ರೋಸಾಫ್ಟ್‌ನಿಂದ ಹೊಸ ಫೈಲ್‌ಗಳನ್ನೇ ಇಳಿಸಿಕೊಂಡು ಕಟ್ಟುವುದು. 2020ರಲ್ಲಿ ಬಂದ ಸೌಲಭ್ಯ. 4 ಜಿಬಿ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಡೇಟಾ ಎಳೆಯುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಶುರುಮಾಡಿ, ಮಧ್ಯದಲ್ಲಿ ದಿನದ ಡೇಟಾ ಮುಗಿದು ಕೂತವರನ್ನು ನೋಡಿದ್ದೇನೆ. ಮನೆಯಲ್ಲಿ ವೈಫೈ ಚೆನ್ನಾಗಿದ್ದರೆ ನಾನು ಇದನ್ನೇ ಆರಿಸುತ್ತೇನೆ.

ಫೈಲ್ ಉಳಿಸಬೇಕಾ, ಎಲ್ಲ ತೆಗೆಯಬೇಕಾ?

ರೀಸೆಟ್ ಶುರುಮಾಡಿದ ತಕ್ಷಣ ವಿಂಡೋಸ್ ಎರಡು ದಾರಿ ತೋರಿಸುತ್ತದೆ.

‘ಕೀಪ್ ಮೈ ಫೈಲ್ಸ್’ ಆರಿಸಿದರೆ ನಿಮ್ಮ ಡಾಕ್ಯುಮೆಂಟ್, ಫೋಟೊ, ಡೆಸ್ಕ್‌ಟಾಪ್ ಮೇಲಿನ ಫೈಲ್‌ಗಳು ಉಳಿಯುತ್ತವೆ. ನೀವು ಹಾಕಿಕೊಂಡ ಸಾಫ್ಟ್‌ವೇರ್‌ಗಳು, ಮಾಡಿಕೊಂಡ ಸೆಟ್ಟಿಂಗ್‌ಗಳು ಹೋಗುತ್ತವೆ. ಯಾವ್ಯಾವ ಸಾಫ್ಟ್‌ವೇರ್ ತೆಗೆದೆ ಅಂತ ಒಂದು ಪಟ್ಟಿಯನ್ನು ಡೆಸ್ಕ್‌ಟಾಪ್ ಮೇಲೆ ಇಟ್ಟು ಹೋಗುತ್ತದೆ. ಲ್ಯಾಪ್‌ಟಾಪ್ ನಿಮ್ಮ ಹತ್ತಿರವೇ ಇರುತ್ತದೆ, ಸುಮ್ನೆ ತೊಂದರೆ ಕೊಡುತ್ತಿದೆ ಅನ್ನೋದಾದರೆ ಈ ದಾರಿ.

‘ರಿಮೂವ್ ಎವೆರಿಥಿಂಗ್’ ಹೆಸರೇ ಹೇಳುವ ಹಾಗೆ. ಬೇರೆಯವರ ಕೈಗೆ ಹೋಗೋದಾದರೆ ಇದು.

ಮೇಷ್ಟ್ರ ಡಿ ಡ್ರೈವ್ ವಿಷಯ ಬರೋದು ಈ ಎರಡನೆಯ ದಾರಿಯಲ್ಲಿ. ಸಿ, ಡಿ ಅಂದರೆ ಎರಡು ಬೇರೆ ಡಿಸ್ಕ್ ಅಂತ ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಅದು ಒಂದೇ ಡಿಸ್ಕ್. ಒಂದು ದೊಡ್ಡ ಹಾಲ್‌ಗೆ ಮಧ್ಯೆ ಗೋಡೆ ಎಬ್ಬಿಸಿ ಎರಡು ಕೋಣೆ ಮಾಡಿದ ಹಾಗೆ. ವಿಂಡೋಸ್ ವಾಸ ಸಿ ಕೋಣೆಯಲ್ಲಿ. ರಿಮೂವ್ ಎವೆರಿಥಿಂಗ್ ಆರಿಸಿದ ಮೇಲೆ ‘ಚೇಂಜ್ ಸೆಟ್ಟಿಂಗ್ಸ್’ ಅಂತ ಚಿಕ್ಕ ಅಕ್ಷರದಲ್ಲಿ ಒಂದು ಲಿಂಕ್ ಇರುತ್ತದೆ. ಅದರೊಳಗೆ, ವಿಂಡೋಸ್ ಇರುವ ಡ್ರೈವ್ ಮಾತ್ರ ಖಾಲಿ ಮಾಡಲಾ, ಎಲ್ಲ ಡ್ರೈವ್‌ಗಳನ್ನೂ ಮಾಡಲಾ ಅನ್ನೋ ಆಯ್ಕೆ. ಮೊದಲನೆಯದು ಆರಿಸಿದರೆ ಡಿ ಉಳಿಯುತ್ತದೆ. ಎರಡನೆಯದಾದರೆ ಡಿಯೂ ಖಾಲಿ.

ಇದು ಎರಡು ಕಡೆಯೂ ಕುಯ್ಯುವ ಕತ್ತಿ. ಉಳಿಸಬೇಕೆಂದವರು ತಪ್ಪಿ ಕಳೆದುಕೊಳ್ಳುತ್ತಾರೆ. ಮಾರುವವರು ಸಿ ಮಾತ್ರ ಖಾಲಿ ಮಾಡಿ, ಡಿ ತುಂಬ ಮದುವೆ ಫೋಟೊ, ಆಧಾರ್ ಸ್ಕ್ಯಾನ್, ಮನೆ ಪತ್ರ ಹಾಗೇ ಬಿಟ್ಟು ಕೊಟ್ಟುಬಿಡುತ್ತಾರೆ. ಮಾರುವವರ ತಪ್ಪೇ ಹೆಚ್ಚು ಅಪಾಯ, ಅಲ್ವಾ?

ಅಳಿಸಿದ್ದು ನಿಜವಾಗಿ ಹೋಯಿತಾ?

ತಾಲ್ಲೂಕು ಕಚೇರಿಯಲ್ಲಿ ಪಹಣಿಯಿಂದ ನಿಮ್ಮ ಹೆಸರು ತೆಗೆದರು ಅಂದುಕೊಳ್ಳಿ. ಕಾಗದದಲ್ಲಿ ಜಮೀನು ನಿಮ್ಮದಲ್ಲ. ಆದರೆ ಹೊಲದಲ್ಲಿ ನಿಂತ ಜೋಳ ಆ ಕ್ಷಣಕ್ಕೆ ಮಾಯವಾಗುತ್ತದಾ? ಇಲ್ಲ. ಬೇರೆಯವರು ಬಂದು ಉತ್ತು, ಬಿತ್ತುವ ತನಕ ನಿಂತೇ ಇರುತ್ತದೆ.

ಕಂಪ್ಯೂಟರಿನಲ್ಲಿ ಡಿಲೀಟ್ ಅಂದರೆ ಪಹಣಿಯಲ್ಲಿ ಹೆಸರು ತೆಗೆಯೋದು. ಯಾವ ಫೈಲ್ ಡಿಸ್ಕಿನ ಯಾವ ಜಾಗದಲ್ಲಿದೆ ಅಂತ ಒಂದು ಪಟ್ಟಿ ಇರುತ್ತದೆ. ಡಿಲೀಟ್ ಮಾಡಿದಾಗ ಆ ಪಟ್ಟಿಯಲ್ಲಿ ‘ಈ ಜಾಗ ಖಾಲಿ’ ಅಂತ ಗುರುತು ಬೀಳುತ್ತದೆ. ಫೈಲಿನ ಒಳಗಿನ ಮಾಹಿತಿ ಅಲ್ಲೇ ಕೂತಿರುತ್ತದೆ. ಹಾಗೆ ಮಾಡೋದು ಬೇಗ ಆಗಲಿ ಅಂತ. 2 ಜಿಬಿ ವಿಡಿಯೊ ಕಣ್ಣು ಮಿಟುಕಿಸುವಷ್ಟರಲ್ಲಿ ಡಿಲೀಟ್ ಆಗೋದು ಇದೇ ಕಾರಣಕ್ಕೆ. ಪುಕ್ಕಟೆ ಸಿಗುವ ರಿಕವರಿ ಸಾಫ್ಟ್‌ವೇರ್‌ಗಳು ಬದುಕಿರೋದೂ ಇದೇ ಕಾರಣಕ್ಕೆ. ಅವು ಪಹಣಿ ನೋಡಲ್ಲ, ನೇರ ಹೊಲಕ್ಕೆ ಇಳಿಯುತ್ತವೆ.

ಬರೀ ರಿಮೂವ್ ಎವೆರಿಥಿಂಗ್ ಕೂಡ ಬಹುಪಾಲು ಪಹಣಿ ಕೆಲಸವೇ. ಹೊಲ ಉಳುವ ಕೆಲಸಕ್ಕೆ ಬೇರೆ ಆಯ್ಕೆ ಇದೆ, ಅದೇ ‘ಚೇಂಜ್ ಸೆಟ್ಟಿಂಗ್ಸ್’ ಒಳಗೆ: ‘ಕ್ಲೀನ್ ಡೇಟಾ’. ಅದನ್ನು ಆನ್ ಮಾಡಿದರೆ ಡಿಸ್ಕಿನ ಮೇಲೆ ಬೇರೆ ಮಾಹಿತಿ ಬರೆದು ಹಳೆಯದನ್ನು ಮುಚ್ಚುತ್ತದೆ. ಹೊತ್ತು ಬಹಳ ಹಿಡಿಯುತ್ತದೆ. 1 ಟಿಬಿ ಹಾರ್ಡ್‌ಡಿಸ್ಕ್ ಇದ್ದರೆ ರಾತ್ರಿ ಹಚ್ಚಿ ಮಲಗಿಬಿಡೋದು ವಾಸಿ. ಇದು ಮನೆಮಂದಿಯ ಬಳಕೆಗೆ ಸಾಕು, ಸರ್ಕಾರಿ ಅಥವಾ ಉದ್ಯಮದ ಅಳಿಸುವಿಕೆ ನಿಯಮಗಳ ಮಟ್ಟದ್ದಲ್ಲ ಅಂತ ಮೈಕ್ರೋಸಾಫ್ಟೇ ಹೇಳುತ್ತದೆ.

ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಡಿಸ್ಕ್) ಇರುವ ಲ್ಯಾಪ್‌ಟಾಪ್‌ಗಳ ಕಥೆ ಸ್ವಲ್ಪ ಬೇರೆ. ಯಾವ ಜಾಗ ಖಾಲಿ ಅಂತ ವಿಂಡೋಸ್ ಹೇಳಿದ ಮೇಲೆ ಎಸ್‌ಎಸ್‌ಡಿ ತನ್ನ ಬಿಡುವಿನಲ್ಲಿ ಆ ಜಾಗವನ್ನು ತಾನೇ ಒರೆಸಿಕೊಳ್ಳುತ್ತದೆ. ಇದಕ್ಕೆ ಟ್ರಿಮ್ ಅನ್ನುತ್ತಾರೆ. ಹಾಗಾಗಿ ಅಳಿಸಿದ ಫೈಲನ್ನು ಮತ್ತೆ ಹೊರತೆಗೆಯೋದು ಕಷ್ಟ. ಆದರೆ ಒಂದೇ ಜಾಗ ಸವೆಯಬಾರದು ಅಂತ ಎಸ್‌ಎಸ್‌ಡಿ ಮಾಹಿತಿಯನ್ನು ಅಲ್ಲಿಂದಿಲ್ಲಿಗೆ ಹಂಚಿ ಬರೆಯುತ್ತಿರುತ್ತದೆ. ಅದಕ್ಕೇ ಮೇಲೆ ಬರೆದು ಮುಚ್ಚುವ ಉಪಾಯ ಅದರ ಮೂಲೆಮೂಲೆಗೂ ತಲುಪುತ್ತದೆ ಅನ್ನೋ ಖಾತ್ರಿ ಇಲ್ಲ.

ಬೀಗ ಹಾಕಿ ಕೀ ಎಸೆಯೋದು

ಇದಕ್ಕೆಲ್ಲ ಇನ್ನೊಂದು ಜಾಣ ದಾರಿ ಇದೆ: ಎನ್‌ಕ್ರಿಪ್ಷನ್. ಡಿಸ್ಕಿನಲ್ಲಿ ಇರೋದನ್ನೆಲ್ಲ ಗುಪ್ತ ಲಿಪಿಗೆ ತಿರುಗಿಸಿ, ಕೀ ಇದ್ದವರು ಮಾತ್ರ ಓದುವ ಹಾಗೆ ಮಾಡೋದು. ವಿಂಡೋಸ್‌ನಲ್ಲಿ ಇದರ ಹೆಸರು ಬಿಟ್‌ಲಾಕರ್. ಹೋಮ್ ಆವೃತ್ತಿಯ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಅಂತ ಇರುತ್ತದೆ. ಎನ್‌ಕ್ರಿಪ್ಟ್ ಆದ ಡಿಸ್ಕನ್ನು ಪೂರ್ತಿ ರೀಸೆಟ್ ಮಾಡಿದಾಗ ಸಾಮಾನ್ಯವಾಗಿ ಹಳೆಯ ಕೀ ನಾಶವಾಗುತ್ತದೆ. ಆಮೇಲೆ ಯಾರಾದರೂ ಹೊಲಕ್ಕೆ ಇಳಿದರೂ ಸಿಗೋದು ಅರ್ಥವಿಲ್ಲದ ಅಕ್ಷರರಾಶಿ. ಮಾರುವ ಲ್ಯಾಪ್‌ಟಾಪ್‌ನಲ್ಲಿ ಈ ಸೌಲಭ್ಯ ಇದ್ದರೆ, ಮೊದಲು ಆನ್ ಮಾಡಿ, ಪೂರ್ತಿ ಎನ್‌ಕ್ರಿಪ್ಟ್ ಆದ ಮೇಲೆ ರೀಸೆಟ್ ಮಾಡಿ.

ಇದೇ ಬೀಗ ಕೆಲವರಿಗೆ ತಿರುಗುಬಾಣವೂ ಆಗುತ್ತದೆ. ರೀಸೆಟ್ ಹೊತ್ತಿನಲ್ಲಿ ಒಮ್ಮೊಮ್ಮೆ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ‘ನಾನು ಯಾವತ್ತೂ ಬೀಗ ಹಾಕೇ ಇಲ್ಲ’ ಅಂತ ಗಾಬರಿ ಬೀಳುತ್ತಾರೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದಾಗ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನೇ ಆನ್ ಆಗಿರುತ್ತದೆ. ಹಾಗಾದಾಗ ಕೀ ಅದೇ ಅಕೌಂಟ್‌ನಲ್ಲಿ ಇರುತ್ತದೆ. ಫೋನಿನ ಬ್ರೌಸರ್‌ನಲ್ಲಿ ಆ ಅಕೌಂಟ್ ತೆರೆದು, ಡಿವೈಸ್‌ಗಳ ಪಟ್ಟಿಯಲ್ಲಿ ನೋಡಿ. ರೀಸೆಟ್ ಶುರುಮಾಡುವ ಮುಂಚೆಯೇ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಇನ್ನೂ ಒಳ್ಳೆಯದು.

ಏನೇನು ಎತ್ತಿಡಬೇಕು?

ಫೋಟೊ, ಡಾಕ್ಯುಮೆಂಟ್ ಎಲ್ಲರಿಗೂ ನೆನಪಿರುತ್ತದೆ. ಮರೆಯೋದು ಕಣ್ಣಿಗೆ ಕಾಣದ್ದು.

ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ಬುಕ್‌ಮಾರ್ಕ್ ಕೀಪ್ ಮೈ ಫೈಲ್ಸ್‌ನಲ್ಲೂ ಉಳಿಯಲ್ಲ. ಅವು ಇರೋದು ಬಚ್ಚಿಟ್ಟ ಒಂದು ಫೋಲ್ಡರಿನಲ್ಲಿ, ರೀಸೆಟ್ ಅದನ್ನು ಗುಡಿಸಿಬಿಡುತ್ತದೆ. ಗೂಗಲ್ ಅಥವಾ ಮೈಕ್ರೋಸಾಫ್ಟ್ ಅಕೌಂಟ್ ಜೊತೆ ಸಿಂಕ್ ಆಗಿದ್ದರೆ ವಾಪಸ್ ಬರುತ್ತವೆ. ಅಂಗಡಿ ಲೆಕ್ಕ ಇಡುವವರು ಟ್ಯಾಲಿ ಡೇಟಾ ಯಾವ ಫೋಲ್ಡರಿನಲ್ಲಿದೆ ಅಂತ ಟ್ಯಾಲಿಯೊಳಗೇ ನೋಡಿ, ಅದನ್ನು ಬೇರೆಯಾಗಿ ಕಾಪಿ ಮಾಡಿಕೊಳ್ಳಿ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಮತ್ತೆ ಹಾಕಬೇಕಾಗುತ್ತದೆ.

ಕನ್ನಡದವರು ಮರೆಯುವ ಒಂದು ಸಾಮಾನು ಬೇರೆಯೇ ಇದೆ. ನಾನೂ ಮರೆತಿದ್ದೆ. ಮೇಷ್ಟ್ರ ಫೈಲ್‌ಗಳನ್ನೆಲ್ಲ ಡಿ ಡ್ರೈವ್ ಸಮೇತ ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಅವರ ಹೊಸ ಲ್ಯಾಪ್‌ಟಾಪ್‌ಗೆ ಹಾಕಿ, ಹಳೆಯದನ್ನು ರೀಸೆಟ್ ಮಾಡಿದೆ. ಸಂಜೆ ಮೇಷ್ಟ್ರ ಫೋನು. ‘ಅಪ್ಪಾ, ನನ್ನ ಹರಿಕಥೆ ಟಿಪ್ಪಣಿ ಎಲ್ಲ ಇಂಗ್ಲಿಷ್ ಆಗಿಬಿಟ್ಟಿದೆಯಲ್ಲೋ!’ ಹೋಗಿ ನೋಡಿದರೆ ಪುಟದ ತುಂಬ ಕೊಂಬು, ಚುಕ್ಕಿ ಇರುವ ಇಂಗ್ಲಿಷ್ ಅಕ್ಷರ, ಮಧ್ಯೆ ಪೌಂಡ್ ಚಿಹ್ನೆ.

ಫೈಲ್ ಕೆಟ್ಟಿರಲಿಲ್ಲ. ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್‌ಗಳಾದ ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಇವು ಬಂದ ಕಾಲದಲ್ಲಿ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿ) ಬಳಕೆ ಇಷ್ಟು ಹರಡಿರಲಿಲ್ಲ. ಆಗಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಆ ಗೀಚು. ರೀಸೆಟ್ ಆದಾಗ ನೀವು ಹಾಕಿಕೊಂಡ ಫಾಂಟ್‌ಗಳೂ ಹೋಗುತ್ತವೆ. ಮೇಷ್ಟ್ರ ಹೊಸ ಲ್ಯಾಪ್‌ಟಾಪ್‌ನಲ್ಲಿ ಅವು ಇರಲೇ ಇಲ್ಲ. ನುಡಿ ಹಾಕಿದೆ, ಅಕ್ಷರ ವಾಪಸ್ ಬಂತು. ಯೂನಿಕೋಡ್‌ನಲ್ಲಿ ಬರೆದದ್ದಕ್ಕೆ ಈ ತಾಪತ್ರಯ ಇಲ್ಲ, ವಿಂಡೋಸ್ ಜೊತೆಗೇ ಅದರ ಕನ್ನಡ ಫಾಂಟ್ ಬರುತ್ತದೆ.

ವಿಂಡೋಸ್ ಕೀ, ಅಂದರೆ ಅದರ ಲೈಸೆನ್ಸ್ ಸಂಖ್ಯೆ ಬಗ್ಗೆ ಚಿಂತೆ ಬೇಡ. ವಿಂಡೋಸ್ 8ರ ಕಾಲದಿಂದ ಲ್ಯಾಪ್‌ಟಾಪ್ ಕಂಪನಿಗಳು ಕೀಯನ್ನು ಮದರ್‌ಬೋರ್ಡ್‌ನ ಚಿಪ್‌ನಲ್ಲೇ ಇಡುತ್ತಿವೆ. ವಿಂಡೋಸ್ ಜೊತೆಗೇ ಬಂದ ಲ್ಯಾಪ್‌ಟಾಪ್ ಆದರೆ, ರೀಸೆಟ್ ಆದ ಮೇಲೆ ಇಂಟರ್ನೆಟ್ ಸಿಕ್ಕ ಕೂಡಲೇ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಅದಕ್ಕೂ ಯಾರಾದರೂ ಹೊಸ ಕೀ ತಗೋಬೇಕು ಅಂದರೆ, ಯಾಕೆ ಅಂತ ಕೇಳಿ. ಲ್ಯಾಪ್‌ಟಾಪ್ ಜೊತೆ ಬಂದ ಆಫೀಸ್ ಮಾತ್ರ ಮೊದಲು ಆ್ಯಕ್ಟಿವೇಟ್ ಮಾಡಿದ ಅಕೌಂಟ್‌ಗೆ ಅಂಟಿಕೊಂಡಿರುತ್ತದೆ. ಆ ಇಮೇಲ್ ಯಾವುದು ಅಂತ ನೆನಪಿಟ್ಟುಕೊಳ್ಳಿ.

ಬಟನ್ ಎಲ್ಲಿದೆ, ಎಷ್ಟು ಹೊತ್ತು?

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ, ಆಮೇಲೆ ‘ರೀಸೆಟ್ ಪಿಸಿ’. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ‘ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ’, ರಿಕವರಿ. ಒಳಗೇ ಹೋಗಲಾಗದಿದ್ದರೆ, ಲಾಗಿನ್ ಪರದೆಯಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಮೆನು ಬರುತ್ತದೆ. ಅದರಲ್ಲಿ ಟ್ರಬಲ್‌ಶೂಟ್, ಆಮೇಲೆ ರೀಸೆಟ್.

ಚಾರ್ಜರ್ ಚುಚ್ಚಿಯೇ ಇರಬೇಕು. ಕರೆಂಟ್ ಹೋಗದ ಹೊತ್ತು ನೋಡಿಕೊಂಡು ಶುರುಮಾಡಿ, ಹಳೆಯ ಬ್ಯಾಟರಿಯನ್ನು ನಂಬಬೇಡಿ. ಎಸ್‌ಎಸ್‌ಡಿ ಇದ್ದರೆ ಕ್ಲೀನ್ ಡೇಟಾ ಇಲ್ಲದೆ ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸು. ಮೇಷ್ಟ್ರದ್ದು ಹಾರ್ಡ್‌ಡಿಸ್ಕ್. 64 ಪರ್ಸೆಂಟ್‌ಗೆ ಬಂದು ನಿಂತದ್ದು ಅರ್ಧ ಗಂಟೆ ಅಲ್ಲಾಡಲಿಲ್ಲ. ಚುಕ್ಕಿಗಳು ಸುತ್ತುತ್ತಲೇ ಇದ್ದವು, ಕಿವಿಯಿಟ್ಟು ಕೇಳಿದರೆ ಡಿಸ್ಕಿನ ಕರಕರ ಸದ್ದು ಬರುತ್ತಿತ್ತು. ಹಾಗೆ ಸದ್ದು ಬರುತ್ತಿದ್ದರೆ ಸಾಮಾನ್ಯವಾಗಿ ಕೆಲಸ ನಡೆಯುತ್ತಿದೆ ಅಂತ ಅರ್ಥ. ಆ ಹೊತ್ತಿನಲ್ಲಿ ಪವರ್ ಬಟನ್ ಒತ್ತುವ ಆಸೆಯನ್ನು ತಡೆದುಕೊಳ್ಳಬೇಕು.

‘ರೀಸೆಟ್ ಆಗಲಿಲ್ಲ, ಏನೂ ಬದಲಾಗಿಲ್ಲ’ ಅನ್ನೋ ಅರ್ಥದ ಸಂದೇಶ ಬಂದರೆ ಗಾಬರಿ ಬೇಡ. ಲೋಕಲ್ ಬದಲು ಕ್ಲೌಡ್ ಡೌನ್‌ಲೋಡ್ ಮಾಡಿ ನೋಡಿ. ಕೆಲವೊಮ್ಮೆ ತಪ್ಪು ನಿಮ್ಮದೂ ಅಲ್ಲ, ಲ್ಯಾಪ್‌ಟಾಪಿನದೂ ಅಲ್ಲ. 2025ರ ಆಗಸ್ಟ್‌ನ ಸೆಕ್ಯುರಿಟಿ ಅಪ್‌ಡೇಟ್ ಹಾಕಿಕೊಂಡ ಕೆಲವು ವಿಂಡೋಸ್ ಆವೃತ್ತಿಗಳಲ್ಲಿ ರೀಸೆಟ್ಟೇ ಕೈಕೊಟ್ಟಿತ್ತು. ಅದೇ ತಿಂಗಳು 19ಕ್ಕೆ ಮೈಕ್ರೋಸಾಫ್ಟ್ ಇನ್ನೊಂದು ಅಪ್‌ಡೇಟ್ ಬಿಟ್ಟು ಸರಿಮಾಡಿತು. ಯಾವುದೂ ಆಗದಿದ್ದರೆ 8 ಜಿಬಿ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್‌ನ ತಾಣದಿಂದ ವಿಂಡೋಸ್ ಇಳಿಸಿಕೊಂಡು ಹಾಕೋದು ಕೊನೆಯ ದಾರಿ.

ರೀಸೆಟ್‌ಗೆ ಬಗ್ಗದ್ದು

ಲ್ಯಾಪ್‌ಟಾಪ್ ಸ್ಲೋ ಅಂತ ರೀಸೆಟ್ ಮಾಡುವವರೇ ಜಾಸ್ತಿ. ಬೇಡದ ಸಾಫ್ಟ್‌ವೇರ್ ತುಂಬಿ ಸ್ಲೋ ಆಗಿದ್ದರೆ ಚುರುಕಾಗುತ್ತದೆ. ಆದರೆ 4 ಜಿಬಿ ರ್‍ಯಾಮ್, ತಿರುಗುವ ಹಾರ್ಡ್‌ಡಿಸ್ಕ್ ಇರುವ ಯಂತ್ರ ನಾಲ್ಕು ದಿನ ಚೆನ್ನಾಗಿದ್ದು ಮತ್ತೆ ಅಲ್ಲಿಗೇ ಬರುತ್ತದೆ. ಅಂಥದಕ್ಕೆ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಆಗುವ ಲಾಭ ಹತ್ತು ರೀಸೆಟ್‌ನಿಂದಲೂ ಆಗಲ್ಲ. ಮೇಷ್ಟ್ರಿಗೂ ಅದನ್ನೇ ಹೇಳಿದ್ದೇನೆ. ಸಡಿಲಾದ ಹಿಂಜ್, ಊದಿದ ಬ್ಯಾಟರಿ, ಬಿಸಿಯೇರುವ ಫ್ಯಾನು, ವಿಂಡೋಸ್‌ಗೂ ಮುಂಚೆ ಕೇಳುವ ಬಯಾಸ್ ಪಾಸ್‌ವರ್ಡ್, ಇವು ಯಾವುದನ್ನೂ ರೀಸೆಟ್ ಮುಟ್ಟಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇನ್ನೊಂದು ನೋಡಬೇಕು. ಬೆಂಗಳೂರಿನಂಥ ಊರಲ್ಲಿ ಸಿಗುವ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಕಂಪನಿಗಳು ಬಳಸಿ ಬಿಟ್ಟವೂ ಇರುತ್ತವೆ. ಕಂಪನಿಯವರು ಯಂತ್ರದ ಗುರುತನ್ನು ಮೈಕ್ರೋಸಾಫ್ಟ್ ಹತ್ತಿರ ನೋಂದಾಯಿಸಿ, ಬಿಡುವಾಗ ತೆಗೆಸದೇ ಇದ್ದರೆ, ರೀಸೆಟ್ ಆಗಿ ಇಂಟರ್ನೆಟ್ ಸಿಕ್ಕ ಕೂಡಲೇ ಆ ಕಂಪನಿಯ ಹೆಸರು ತೋರಿಸಿ, ಅಲ್ಲಿನ ಇಮೇಲ್ ಕೇಳುತ್ತದೆ. ಅದನ್ನು ಬಿಡಿಸಬೇಕಾದವರು ಆ ಕಂಪನಿಯವರೇ. ದುಡ್ಡು ಕೊಡುವ ಮುಂಚೆ, ರೀಸೆಟ್ ಆದ ಯಂತ್ರವನ್ನು ವೈಫೈಗೆ ಸೇರಿಸಿ ಸೆಟಪ್ ಎಲ್ಲಿತನಕ ಹೋಗುತ್ತದೆ ಅಂತ ಎದುರಿಗೇ ನೋಡಿ.

ಮ್ಯಾಕ್‌ಬುಕ್ ಇದ್ದವರಿಗೆ ಕೆಲಸ ಸುಲಭ. 2021ರ ಮಾಂಟೆರೆ ಆವೃತ್ತಿಯಿಂದ, ಆ್ಯಪಲ್‌ನ ಸ್ವಂತ ಪ್ರೊಸೆಸರ್ ಅಥವಾ ಟಿ2 ಚಿಪ್ ಇರುವ ಮ್ಯಾಕ್‌ಗಳಲ್ಲಿ ‘ಇರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್’ ಅಂತ ಇದೆ. ಕಳೆದುಹೋದ ಯಂತ್ರ ಹುಡುಕಿಕೊಡುವ ‘ಫೈಂಡ್ ಮೈ’ ಆಫ್ ಆಗಿದೆಯಾ ಅಂತ ಮಾತ್ರ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಕೊಂಡವರಿಗೆ ನಿಮ್ಮ ಪಾಸ್‌ವರ್ಡ್ ಇಲ್ಲದೆ ತೆರೆಯಲ್ಲ. ಕ್ರೋಮ್‌ಬುಕ್‌ನಲ್ಲಿ ಇದೇ ಕೆಲಸಕ್ಕೆ ಪವರ್‌ವಾಶ್ ಅಂತ ಹೆಸರು.

ಎಲ್ಲಿಗೆ ನಿಲ್ಲಿಸಬೇಕು?

ರೀಸೆಟ್ ಮುಗಿದ ಮೇಲೆ ಲ್ಯಾಪ್‌ಟಾಪ್ ತಾನೇ ಆನ್ ಆಗಿ, ಹೊಸದು ತಂದ ದಿನದ ಹಾಗೆ, ಯಾವ ದೇಶ, ಯಾವ ಕೀಬೋರ್ಡ್ ಅಂತ ಕೇಳಲು ಶುರುಮಾಡುತ್ತದೆ. ನಿಮ್ಮದೇ ಯಂತ್ರವಾದರೆ ಮುಂದುವರಿಯಿರಿ. ಬೇರೆಯವರಿಗೆ ಕೊಡೋದಾದರೆ ಏನನ್ನೂ ತುಂಬಬೇಡಿ. ನಿಮ್ಮ ಇಮೇಲ್ ಹಾಕಿದರೆ ಲ್ಯಾಪ್‌ಟಾಪ್ ಮತ್ತೆ ನಿಮ್ಮದೇ ಆಗುತ್ತದೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಆಮೇಲೆ ಫೋನಿನಿಂದ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ತೆರೆದು, ಡಿವೈಸ್‌ಗಳ ಪಟ್ಟಿಯಿಂದ ಹಳೆಯ ಲ್ಯಾಪ್‌ಟಾಪನ್ನು ತೆಗೆದುಹಾಕಿ.

ಮೇಷ್ಟ್ರದ್ದನ್ನು ನಾನು ಆ ದೇಶ ಕೇಳುವ ಪರದೆಯಲ್ಲೇ ನಿಲ್ಲಿಸಿ, ಚಾರ್ಜರ್ ಸಮೇತ ಅದೇ ಬಟ್ಟೆ ಚೀಲಕ್ಕೆ ಹಾಕಿ ಕೊಟ್ಟೆ. ಮುಂದಿನದನ್ನು ಮೊಮ್ಮಗಳು ತನ್ನ ಹೆಸರಲ್ಲಿ ತುಂಬಿಕೊಳ್ಳುತ್ತಾಳೆ.